ಏನಾಯಿತು ಎಂದು ಕೇಳಬಾರದ ಊರು

ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಜಾಯಮಾನವಲ್ಲ. ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೂ "ಎಷ್ಟು ದಿನದಿಂದ?" ಎಂದು ವಿಚಾರಿಸುವ ಮನೆಯಿಂದ ಬಂದವಳು ನಾನು. ಮೈಸೂರಿನ ನಮ್ಮ ಬೀದಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರಿಗಿಂತ ಮೊದಲು ಎದುರು ಮನೆಯವರಿಗೆ ಗೊತ್ತಾಗುತ್ತಿತ್ತು. ಅಂಥವಳು ಡಚ್ಚರ ದೇಶದ ಆಮ್ಸ್ಟೆಲ್‌ವೀನಿನಲ್ಲಿ ಒಂದು ಪುಟ್ಟ ಅಡುಗೆಮನೆ ತೆರೆದು, ಮೂವರಿಗೆ ಸಂಬಳ ಕೊಡುವ ಮಾಲೀಕಳಾಗಿ, ಅವರಲ್ಲೊಬ್ಬಳು ಕಾಯಿಲೆ ಬಿದ್ದಾಗ ಏನು ಕಾಯಿಲೆ ಎಂದು ಕೇಳದೆ ತಿಂಗಳುಗಟ್ಟಲೆ ಕಳೆದೆ. ಫೋನಿನಲ್ಲಿ ಈ ವಿಷಯ ಹೇಳಿದರೆ ನನ್ನ ಅಕ್ಕ ಈಗಲೂ ನಂಬುವುದಿಲ್ಲ. "ನೀನಾ? ಕೇಳದೆ ಇದ್ದೆಯಾ?" ಎಂದು ನಗುತ್ತಾಳೆ.

ನಮ್ಮದು ಹೋಟೆಲಲ್ಲ. ಮುಂದೆ ಒಂದು ಕೌಂಟರು, ಹಿಂದೆ ಅಡುಗೆಮನೆ. ದೋಸೆ ಹಿಟ್ಟು, ಸಾರಿನ ಪುಡಿ, ಮಧ್ಯಾಹ್ನದ ಊಟ ಮಾರುತ್ತೇವೆ. ನನ್ನ ಗಂಡ ದಿನಾ ಯುಟ್ರೆಕ್ಟಿಗೆ ರೈಲಿನಲ್ಲಿ ಹೋಗಿ ಐಟಿ ಕೆಲಸ ಮಾಡಿ ಬರುತ್ತಾರೆ. ಅವರು ಅಂಗಡಿಯ ಕಡೆ ತಲೆ ಹಾಕುವುದು ಶನಿವಾರ ಮಾತ್ರ, ಅದೂ ತಿನ್ನುವುದಕ್ಕೆ.

ಆ ಕಾಯಿಲೆ ಬಿದ್ದವಳು ಮೊದಲು ಬಂದದ್ದು ಗಿರಾಕಿಯಾಗಿ. ಧಾರವಾಡದ ಕಡೆಯವಳು, ನನಗಿಂತ ಸಾಕಷ್ಟು ಚಿಕ್ಕವಳು, ಗಂಡ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಆಗ ನಾನು ಜೋಳದ ರೊಟ್ಟಿಯನ್ನು ಚಪಾತಿಯಂತೆ ಲಟ್ಟಿಸಿ ಮಾರುತ್ತಿದ್ದೆ. ಅವಳು ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಇದಕ್ಕ ನಮ್ಮ ಕಡೆ ರೊಟ್ಟಿ ಅನ್ನಂಗಿಲ್ರಿ" ಎಂದಳು. ನನಗೆ ಸಿಟ್ಟು ಬಂತು. "ಹಾಗಾದ್ರೆ ನೀನೇ ಮಾಡಿ ತೋರಿಸು ಬಾ" ಎಂದೆ. ಅವಳು ಕೋಟು ಕಳಚಿಟ್ಟು ಒಳಗೆ ಬಂದು, ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಅಂಗೈಯಲ್ಲಿ ಬಡಿಯತೊಡಗಿದಳು. ಆ ಸದ್ದು ಕೇಳಿ ಹೊರಗೆ ನಿಂತಿದ್ದ ಗಿರಾಕಿಗಳು ಇಣುಕಿ ನೋಡಿದರು. ಮುಂದಿನ ತಿಂಗಳಿಂದ ಅವಳು ನಮ್ಮಲ್ಲಿ ಕೆಲಸಕ್ಕೆ ಸೇರಿದಳು. ಅವಳ ರೊಟ್ಟಿಗಾಗಿ ದೂರದ ಆಲ್ಮೆರೆ ಊರಿನಿಂದ ಶನಿವಾರ ಕಾರು ತೆಗೆದುಕೊಂಡು ಬರುವವರಿದ್ದರು.

ಈಗ ಸ್ವಲ್ಪ ಸರ್ಕಾರದ ವಿಷಯ ಹೇಳಬೇಕು, ಅದಿಲ್ಲದೆ ಈ ಕಥೆ ಮುಂದೆ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಕಂಪನಿ ಇನ್ಶೂರೆನ್ಸ್ ಎಂದರೆ ಆಸ್ಪತ್ರೆಯ ಬಿಲ್ಲು. ಇಲ್ಲಿ ಆಸ್ಪತ್ರೆಯ ವಿಮೆಯನ್ನು ಪ್ರತಿಯೊಬ್ಬರೂ ತಾವೇ ಮಾಡಿಸಿಕೊಳ್ಳಬೇಕು. ಮಾಲೀಕರ ತಲೆಗೆ ಬರುವುದು ಬೇರೆಯದು: ಕೆಲಸದವರು ಕಾಯಿಲೆ ಬಿದ್ದು ಮನೆಯಲ್ಲಿ ಕೂತರೆ ಎರಡು ವರ್ಷದವರೆಗೂ ಸಂಬಳ ಕೊಡುತ್ತಿರಬೇಕು. ಇದನ್ನು ಮೊದಲ ಸಲ ಕೇಳಿದಾಗ ನಾನು ನಮ್ಮ ಡಚ್ ಲೆಕ್ಕಿಗರ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಅವರು ಕಾಫಿ ಬಗ್ಗಿಸುತ್ತಾ, ದೊಡ್ಡ ಕಂಪನಿಗಳು ಸಂಬಳದ ಮೇಲೆ ಕಟ್ಟುವ ಒಂದು ತೆರಿಗೆಯನ್ನು ನಿಮ್ಮಂಥ ಸಣ್ಣವರಿಗೆ ಸರ್ಕಾರ ಇಳಿಸಿದೆ, ಈ ಹೊರೆಗೆಂದೇ ಇಳಿಸಿದ್ದು, ಆ ಉಳಿತಾಯದಲ್ಲಿ ಕಾಯಿಲೆ ಸಂಬಳದ ವಿಮೆ ಮಾಡಿಸಿಬಿಡಿ ಎಂದರು. ನನಗೆ ಅದರಲ್ಲಿ ದೊಡ್ಡ ಗ್ರೈಂಡರ್ ಕೊಳ್ಳುವ ಆಸೆಯಿತ್ತು. "ಗ್ರೈಂಡರ್ ಕೆಟ್ಟರೆ ರಿಪೇರಿ ಮಾಡಿಸಬಹುದು" ಎಂದು ಅವರು ನಕ್ಕರು. ಗೊಣಗುತ್ತಲೇ ವಿಮೆ ಮಾಡಿಸಿದೆ. ಆಮೇಲೆ ಅದನ್ನು ಮರೆತೂಬಿಟ್ಟೆ.

ಒಂದು ಸೋಮವಾರ ಬೆಳಿಗ್ಗೆ ಅವಳು ಫೋನ್ ಮಾಡಿದಳು. "ಅಕ್ಕಾರ, ನಂಗ ಆರಾಮಿಲ್ರಿ. ಸ್ವಲ್ಪ ದಿನ ಬರಾಕ ಆಗಂಗಿಲ್ರಿ." ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಕರೆದರೆಂದು ಫೋನಿಟ್ಟಳು. ಅವಳ ಗಂಡನ ಕೆಲಸದ ಕರಾರು ಹಿಂದಿನ ತಿಂಗಳಷ್ಟೇ ಮುಗಿದು, ಆತ ಬೇರೆ ಕೆಲಸ ಹುಡುಕುತ್ತಿದ್ದ. ಮನೆ ನಡೆಯುತ್ತಿದ್ದುದು ಅವಳ ರೊಟ್ಟಿಯಿಂದ. ಈ ಕೆಲಸ ಕೈತಪ್ಪಿದರೆ ಅವರು ಈ ಊರಿನಲ್ಲಿ ಉಳಿಯುವುದೇ ಕಷ್ಟವಿತ್ತು. ಅದು ನನಗೂ ಗೊತ್ತಿತ್ತು, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ವಿಮೆಯವರಿಗೆ ತಿಳಿಸಿದೆ. ಮಾರನೆಯ ದಿನ ಅವರ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಕಾಯಿಲೆ ರಜೆಯಲ್ಲಿರುವವರು ಕೆಲಸಕ್ಕೆ ಮರಳುವ ತನಕ ಮೇಲ್ವಿಚಾರಣೆ ಮಾಡುವುದು ಅವಳ ಕೆಲಸ. ದನಿ ಮೆತ್ತಗಿತ್ತು, ಮಾತು ಮಾತ್ರ ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ. ಯಾವಾಗ ಬರಬಹುದು ಎಂದು ಕೇಳಬಹುದು. ಏನಾದರೂ ಬೇಕೇ ಎಂದು ಕೇಳಬಹುದು. ಏನು ಕಾಯಿಲೆ ಎಂದು ಕೇಳುವಂತಿಲ್ಲ, ಅದು ಕಾನೂನು. ಅದು ಕಾಯಿಲೆ ರಜೆಯವರನ್ನು ಪರೀಕ್ಷಿಸುವ ನಮ್ಮ ಕಡೆಯ ಡಾಕ್ಟರಿಗೂ ನಿಮ್ಮ ಕೆಲಸದವಳಿಗೂ ಬಿಟ್ಟದ್ದು. ಡಾಕ್ಟರ್ ನಿಮಗೆ ಅವಳು ಯಾವ ಕೆಲಸ ಮಾಡಬಲ್ಲಳು, ಯಾವುದು ಮಾಡಲಾರಳು ಎಂದಷ್ಟೇ ತಿಳಿಸುತ್ತಾರೆ.

"ಅವಳು ನನ್ನ ತಂಗಿಯ ಹಾಗೆ" ಎಂದೆ.

"ಆದರೆ ನೀವು ಅವಳ ಮಾಲೀಕರು" ಎಂದಳು.

"ಸಾರು ಕಳಿಸಬಹುದೋ ಇಲ್ಲವೋ?"

ಅವಳು ಸ್ವಲ್ಪ ಯೋಚಿಸಿ, ಸಾರಿನ ಬಗ್ಗೆ ಕಾನೂನು ಏನೂ ಹೇಳುವುದಿಲ್ಲ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮನುಷ್ಯರಾದವರು ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ತಪ್ಪು ಎನ್ನುವ ಜನ ಎಂಥವರು ಎಂದು ರಾತ್ರಿ ಊಟದ ಹೊತ್ತಿಗೆ ಗಂಡನ ಮೇಲೆ ಹರಿಹಾಯ್ದೆ. "ಕೇಳಿದ್ರೆ ಅವಳಿಗೇ ತೊಂದರೆ ಆಗಬಹುದು ಕಣೆ, ಸುಮ್ನಿರು" ಎಂದರು. ಅವಳಿಗೆ ತೊಂದರೆ ಎಂದ ಮೇಲೆ ನಾನು ನಾಲಿಗೆ ಕಚ್ಚಿಕೊಂಡೆ. ಅವಳಿಗಾಗಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದೇ ಎಂದು ಆಗ ನಂಬಿದ್ದೆ.

ಅವಳಿಗೆ ಫೋನ್ ಮಾಡಿ, "ನಿನ್ನ ಸಂಬಳ ನಿಲ್ಲಲ್ಲ, ಅದರ ಯೋಚ್ನೆ ಬಿಡು, ಹುಷಾರಾಗಿ ಬಾ" ಎಂದೆ. ವಿಮೆಯ ವಿಷಯ ಎತ್ತಲಿಲ್ಲ. ಹಾಸಿಗೆ ಹಿಡಿದವಳ ಹತ್ತಿರ ದುಡ್ಡು ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಒಪ್ಪಿಸುವುದು ನನಗೆ ಅಸಹ್ಯವೆನಿಸಿತು. "ಹ್ಯಾಂಗದೀಯ?" ಎಂದು ಅವಳದೇ ಧಾಟಿಯಲ್ಲಿ ಕೇಳಿದರೆ "ಆರಾಮ ಅದೀನ್ರಿ" ಎಂದಳು. ಆಮೇಲೆ ಪ್ರತಿ ಸಲವೂ ಅದೇ ಉತ್ತರ. ಆ ಕಡೆಯ ಜನ ಮಂಚದ ಮೇಲಿಂದ ಏಳಲಾಗದಿದ್ದರೂ ಆರಾಮ ಎನ್ನುತ್ತಾರೆ.

ಹಾಗಾಗಿ ಸಾರು ಕಳಿಸತೊಡಗಿದೆ. ಗುರುವಾರ ಗುರುವಾರ ಅವಳ ಗಂಡ ಸೈಕಲ್ಲಿನಲ್ಲಿ ಬಂದು ಸ್ಟೀಲ್ ಡಬ್ಬಿ ಒಯ್ಯುತ್ತಿದ್ದ. ಮಾತು ಕಡಿಮೆಯ ಮನುಷ್ಯ, ಕಣ್ಣು ತಗ್ಗಿಸಿಕೊಂಡೇ "ಭಾಳ ಉಪಕಾರಾತ್ರಿ" ಎಂದು ಹೊರಟುಬಿಡುತ್ತಿದ್ದ. ಮೊದಲ ವಾರ ಡಬ್ಬಿ ಒಂದು ಹಿಡಿ ಸಕ್ಕರೆಯೊಂದಿಗೆ ವಾಪಸ್ ಬಂತು. ಖಾಲಿ ಡಬ್ಬಿ ಹಿಂದಿರುಗಿಸಬಾರದಲ್ಲ, ನಮ್ಮ ಮನೆಯಲ್ಲೂ ಅದೇ ಪದ್ಧತಿ. ಎರಡನೆಯ ವಾರ ಸೇಬು. ಆಮೇಲೊಂದು ವಾರ ಶೇಂಗಾ ಹಿಂಡಿ ಬಂತು, ಮನೆಯಲ್ಲೇ ಕುಟ್ಟಿದ ಚಟ್ನಿಪುಡಿ, ಬೆಳ್ಳುಳ್ಳಿಯ ಘಮ ಇಡೀ ಅಡುಗೆಮನೆ ತುಂಬಿತು. ನನ್ನ ಜೀವಕ್ಕೆ ಸಮಾಧಾನವಾಯಿತು. ಕುಟ್ಟುವಷ್ಟು ಕಸುವು ಬಂದಿದೆ ಎಂದರೆ ಚೇತರಿಸಿಕೊಳ್ಳುತ್ತಿದ್ದಾಳೆ ಎಂದೇ ಅರ್ಥ.

ಬಾಯಿಬಿಟ್ಟು ಕೇಳುವಂತಿರಲಿಲ್ಲ, ಆದ್ದರಿಂದ ನಾನು ಡಬ್ಬಿಯನ್ನು ನೋಡಿ ಅವಳ ಆರೋಗ್ಯ ತಿಳಿದುಕೊಳ್ಳತೊಡಗಿದೆ. ಅಂಟಿನುಂಡೆ ಬಂದ ದಿನ ಉಳಿದಿಬ್ಬರು ಕೆಲಸದವರಿಗೂ ಹಂಚಿ, "ನೋಡ್ರೇ, ಎಷ್ಟು ಹುಷಾರಾಗಿದ್ದಾಳೆ" ಎಂದೆ. ಒಂದು ಗುರುವಾರ ಶೇಂಗಾ ಹೋಳಿಗೆ ಬಂತು. ಅಂಚು ಹರಿಯದಂತೆ ತೆಳ್ಳಗೆ ಲಟ್ಟಿಸಿದ, ತುಪ್ಪ ಸವರಿದ ಹೋಳಿಗೆ. ಅಷ್ಟರಲ್ಲಿ ವಿಮೆಯ ಹೆಂಗಸಿನ ಫೋನೂ ಬಂತು. ನಾನು ಉತ್ಸಾಹದಲ್ಲಿ, ಅವಳು ಪೂರ್ತಿ ಚೇತರಿಸಿಕೊಂಡ ಹಾಗಿದೆ, ಹೋಳಿಗೆ ಮಾಡಿ ಕಳಿಸಿದ್ದಾಳೆ, ಅದೆಷ್ಟು ಕೈಕೆಲಸ ಗೊತ್ತಾ ನಿಮಗೆ ಎಂದು ವಿವರಿಸಿದೆ. ಹಾಗಿದ್ದರೆ ಡಾಕ್ಟರ್ ಭೇಟಿಯನ್ನು ನಿಗದಿಗಿಂತ ಮೊದಲೇ ಇಡೋಣ, ಬೇಗ ಕೆಲಸಕ್ಕೆ ಮರಳಬಹುದೇನೋ ನೋಡೋಣ ಎಂದಳು. ಆ ದಿನ ನಾನು ಒಂದು ಮೂಟೆ ಜೋಳದ ಹಿಟ್ಟು ತರಿಸಿಟ್ಟೆ.

ಮುಂದಿನ ಗುರುವಾರ ಅವಳ ಗಂಡ ಬಂದ. ಸೈಕಲ್ ನಿಲ್ಲಿಸಿ, ಒಳಗೆ ಬಂದು, ನಾನು ಚಾಚಿದ ಡಬ್ಬಿಯನ್ನು ತೆಗೆದುಕೊಳ್ಳಲಿಲ್ಲ.

"ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ಇನ್ನ ಡಬ್ಬಿ ಕಳಸಬ್ಯಾಡ್ರಿ."

ನನಗೆ ಕೆನ್ನೆಗೆ ಹೊಡೆದಂತಾಯಿತು. "ಯಾಕಪ್ಪಾ, ನನ್ನ ಸಾರು ಹಿಡಿಸ್ಲಿಲ್ವಾ?" ಎಂದೆ, ಸ್ವಲ್ಪ ಬಿರುಸಾಗಿಯೇ.

"ಹಂಗಲ್ರಿ. ಆಕಿ ಬಲಗೈ ಬಾತೈತ್ರಿ. ಆ ಕೈಲೆ ನಾದಬ್ಯಾಡ, ಕುಟ್ಟಬ್ಯಾಡ, ಲಟ್ಟಸಬ್ಯಾಡ ಅಂತ ಡಾಕ್ಟರ್ ಮೊದಲ ಹೇಳಿದ್ರು. ನಿಮ್ಮ ಡಬ್ಬಿ ಬಂದ್ರ ಖಾಲಿ ಹೆಂಗ ಕಳಸೂದು ಅಂತಾಳ್ರಿ. ಅಂಗಡಿಯಿಂದ ಏನರ ತರತೀನಿ ಅಂದ್ರ ಕೇಳಂಗಿಲ್ಲ. ಕುರ್ಚಿ ಹಾಕ್ಕೊಂಡು ಕುಂತು ಮಾಡತಾಳ್ರಿ. ಮೊನ್ನೆ ಹೋಳಿಗಿ ಮಾಡಿ ಎರಡು ದಿನ ಮಲಗ್ಯಾಳ." ಆತ ಅಂಗಡಿಯ ನೆಲ ನೋಡುತ್ತಾ ನಿಂತ. "ಅಕ್ಕಾರು ತಮ್ಮ ಕಿಸೇದಾಗಿಂದ ಪಗಾರ ಕೊಡಾಕತ್ತಾರ, ನಾ ಕುಂತು ತಿನ್ನಾಕತ್ತೀನಿ, ಒಂದು ಡಬ್ಬಿನರ ತುಂಬಿ ಕಳಸಬ್ಯಾಡೇನು ಅಂತ ಅಳತಾಳ್ರಿ."

ಒಲೆಯ ಮೇಲೆ ಏನಿತ್ತೋ, ಹೇಗೆ ಆರಿಸಿದೆನೋ ನೆನಪಿಲ್ಲ. ಏಪ್ರನ್ ಕಳಚಿ ಆತನ ಹಿಂದೆಯೇ ನನ್ನ ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ನನಗೆ ಯಾರ ಮೇಲೆ ಸಿಟ್ಟೆಂದು ನನಗೇ ತಿಳಿಯಲಿಲ್ಲ. ಅವಳ ಮೇಲೆ, ವಿಮೆಯವಳ ಮೇಲೆ, ಹೋಳಿಗೆಯನ್ನು ಚಪ್ಪರಿಸಿ ತಿಂದ ನನ್ನ ನಾಲಿಗೆಯ ಮೇಲೆ.

ಅವಳು ಸೋಫಾದಲ್ಲಿ ದಿಂಬಿಗೆ ಒರಗಿ, ದಪ್ಪ ಶಾಲನ್ನು ಕತ್ತಿನವರೆಗೂ ಹೊದ್ದು ಕೂತಿದ್ದಳು. ಮುಖ ಬಾಡಿತ್ತು. ನನ್ನನ್ನು ಕಂಡು ಏಳಲು ಹೋದಳು. "ಕೂತ್ಕೊಳೇ ಸುಮ್ನೆ" ಎಂದು ಗದರಿದೆ. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಶಾಲಿನ ಕಡೆ, ಬಾತ ಕೈಯ ಕಡೆ ನೋಡಿದರೆ ಬಾಯಿ ತಪ್ಪುತ್ತದೆಂದು ಬೇಕೆಂದೇ ಕಿಟಕಿಯ ಕಡೆ ಮುಖ ಮಾಡಿಕೊಂಡು ಮಾತಾಡಿದೆ. ವಿಮೆಯ ವಿಷಯವನ್ನೆಲ್ಲ ಹೇಳಿದೆ. ಲೆಕ್ಕಿಗರು, ಸರ್ಕಾರ ಇಳಿಸಿದ ತೆರಿಗೆ, ಅದರಲ್ಲಿ ಕಟ್ಟಿದ ವಿಮೆ, ನಿನ್ನ ಸಂಬಳ ಅಲ್ಲಿಂದ ಬರುತ್ತಿದೆ, ನನ್ನ ಗಂಟೇನೂ ಹೋಗುತ್ತಿಲ್ಲ ಎಂದು.

ಅವಳು ಕಣ್ಣು ಅಗಲಿಸಿ ಕೇಳಿದಳು. "ಅಂದ್ರ ನಿಮಗ ಭಾರ ಅಲ್ಲೇನ್ರಿ ನಾನು?"

"ನೀನು ಭಾರ ಅಂತ ಯಾರೇ ಹೇಳಿದ್ದು?"

"ನಾ ಈ ತಿಂಗಳಾ ಕೆಲಸ ಬಿಡತೀನಿ ಅಂತ ಬರದು ಕೊಡಾಕಿ ಇದ್ದೆ ಅಕ್ಕಾರ. ದುಡೀಲಾರದ ಪಗಾರ ತಗೊಳ್ಳಾಕ ಮನಸ ಒಪ್ಪಂಗಿಲ್ರಿ."

ಕಾಯಿಲೆಯಲ್ಲಿರುವಾಗ ತಾನಾಗಿ ಕೆಲಸ ಬಿಟ್ಟವರಿಗೆ ಇಲ್ಲಿ ಸಂಬಳವೂ ಇಲ್ಲ, ಸರ್ಕಾರದ ಪರಿಹಾರವೂ ಇಲ್ಲ ಎಂದು ಲೆಕ್ಕಿಗರು ಹೇಳಿದ್ದರು. ಮರ್ಯಾದೆಗೆ ಅಂಜಿ ಒಂದು ಸಹಿ ಹಾಕಿದ್ದರೆ ಇಬ್ಬರೂ ಬೀದಿಗೆ ಬರುತ್ತಿದ್ದರು. "ಅಂಥದ್ದೇನಾದ್ರೂ ಮಾಡಿದ್ರೆ ನೋಡು" ಎಂದು ಗದರಿ, ಬರೆದುಕೊಡುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡೆ. ಮನೆಗೆ ಬಂದು, ಎಲ್ಲ ಸರಿಹೋಯಿತು ಎಂದು ಗಂಡನಿಗೆ ಹೇಳಿ ನೆಮ್ಮದಿಯಿಂದ ಉಂಡೆ. ಡಾಕ್ಟರು ಅವಳನ್ನು ನೋಡಿ ಈಗಲೇ ಕೆಲಸ ಬೇಡವೆಂದರು. ವಿಮೆಯ ಹೆಂಗಸಿಗೆ ನಾನೇ ಫೋನ್ ಮಾಡಿ, ಹೋಳಿಗೆಯ ಸಮಾಚಾರವನ್ನು ವಾಪಸ್ ತೆಗೆದುಕೊಂಡೆ.

ವಸಂತದಲ್ಲಿ ಅವಳು ಕೆಲಸಕ್ಕೆ ಬಂದಳು. ಭಾರ ಎತ್ತುವಂತಿಲ್ಲ, ಬಲಗೈಯಲ್ಲಿ ನಾದುವಂತಿಲ್ಲ, ಕೂತು ಮಾಡುವ ಕೆಲಸ ದಿನಕ್ಕೆ ಕೆಲವು ಗಂಟೆ ಆಗಬಹುದು ಎಂದು ಡಾಕ್ಟರ್ ತಿಳಿಸಿದ್ದರು. ಅವಳನ್ನು ಕೌಂಟರಿನಲ್ಲಿ ಕೂರಿಸಿದೆ. ಆರ್ಡರ್ ಬರೆದುಕೊಳ್ಳುವುದು, ಫೋನ್ ತೆಗೆದುಕೊಳ್ಳುವುದು, ಒಳಗೆ ರೊಟ್ಟಿ ಬಡಿಯಲು ಕಲಿಯುತ್ತಿದ್ದ ನನ್ನನ್ನು ಅಲ್ಲಿಂದಲೇ ಸದ್ದು ಕೇಳಿ ತಿದ್ದುವುದು. "ದಪ್ಪಾತ್ರಿ ಅಕ್ಕಾರ, ಇನ್ನೊಂದೀಟು ತಿರುವ್ರಿ" ಎಂದು ಕೂಗುತ್ತಿದ್ದಳು. ನನಗೆ ಅದೇ ಹಬ್ಬವಾಗಿತ್ತು.

ಆದರೆ ಅವಳು ಮೊದಲಿನ ಹಾಗಿರಲಿಲ್ಲ. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ನಾವೆಲ್ಲ ಒಳಗಿನ ಮೇಜಿನ ಸುತ್ತ ನಿಂತು ಒಟ್ಟಿಗೆ ಉಣ್ಣುತ್ತೇವೆ, ಒಬ್ಬರ ತಟ್ಟೆಯಿಂದ ಒಬ್ಬರು ಉಪ್ಪಿನಕಾಯಿ ಎತ್ತಿಕೊಳ್ಳುತ್ತೇವೆ. ಅವಳು ಮಾತ್ರ ತಟ್ಟೆ ಹಿಡಿದು ಕೌಂಟರಿಗೆ ಹೋಗಿಬಿಡುತ್ತಿದ್ದಳು. ಕರೆದರೆ "ಫೋನ್ ಬರತೈತ್ರಿ" ಎನ್ನುವಳು. ತನ್ನ ತಟ್ಟೆ, ಲೋಟ ತಾನೇ ಎಡಗೈಯಲ್ಲಿ ತೊಳೆದು ಬೇರೆ ಮೂಲೆಯಲ್ಲಿ ಬೋರಲು ಹಾಕುವಳು. ಒಂದು ದಿನ, ಗಂಡನಿಗೆ ಬೇರೆಲ್ಲಾದರೂ ಕೆಲಸ ಸಿಕ್ಕ ತಕ್ಷಣ ತಾನು ಬಿಡುವುದಾಗಿ ಮೆಲ್ಲಗೆ ಹೇಳಿದಳು. ಯಾಕೆ ಎಂದರೆ "ಸುಮ್ನರಿ" ಎಂದಳು. ದುಡ್ಡಿನ ವಿಷಯ ತೀರಿದ ಮೇಲೂ ಇವಳಿಗೆ ಏನು ಕೊರತೆ ಎಂದು ನಾನು ತಲೆ ಕೆಡಿಸಿಕೊಂಡೆ. ಮನಸ್ಸಿಗೆ ನೋವೂ ಆಗಿತ್ತು. ಇಷ್ಟು ಮಾಡಿದ್ದೇನೆ, ಇನ್ನೇನು ಮಾಡಬೇಕಿತ್ತು ಎಂದು ಒಳಗೊಳಗೇ ಬೈದುಕೊಂಡೆ.

ಒಂದು ಬುಧವಾರ ಗದಗದ ಕಡೆಯ ಒಬ್ಬ ಅಜ್ಜಿ ಅಂಗಡಿಗೆ ಬಂದರು. ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದವರು. ಇಳಕಲ್ ಸೀರೆಯ ಮೇಲೆ ಮಗಳ ಜಾಕೆಟ್ಟು, ಕಾಲಿಗೆ ಬೂಟು. ನಾನು ಒಳಗೆ ತವೆಯ ಮುಂದೆ ನಿಂತಿದ್ದೆ, ನಡುವಿನ ಬಾಗಿಲು ತೆರೆದಿತ್ತು. ಅಜ್ಜಿ ರೊಟ್ಟಿ ಕೇಳಿದರು. ಆಮೇಲೆ ಅವಳ ಮುಖವನ್ನೇ ದಿಟ್ಟಿಸಿ ನೋಡಿದರು.

"ಯಾಕವ್ವಾ, ಭಾಳ ಸೊರಗಿಯಲ್ಲ? ಏನಾಗೇತಿ ನಿನಗ?"

ಎಷ್ಟು ಸಲೀಸಾಗಿ ಕೇಳಿಬಿಟ್ಟರು! ನನ್ನ ಕೈ ತವೆಯ ಮೇಲೇ ನಿಂತಿತು. ಈಗ ಇವಳು ಆರಾಮ ಅದೀನ್ರಿ ಎನ್ನುತ್ತಾಳೆ ಎಂದುಕೊಂಡೆ.

ಅವಳು ಪೆನ್ನು ಕೆಳಗಿಟ್ಟಳು. "ಎದ್ಯಾಗ ಗಂಟಾಗಿತ್ತಬೇ ಅಮ್ಮಾ. ಬಲಗಡಿ ಎದಿ ತಗದಾರ, ಅದಕ್ಕ ಈ ಕೈನೂ ಬಾತೈತಿ" ಎಂದಳು.

ಅಜ್ಜಿ ಲೊಚಗುಟ್ಟಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಕೌಂಟರಿನ ಮೇಲಿಂದ ಎರಡೂ ಕೈ ಚಾಚಿ ಅವಳ ಕೈ ಹಿಡಿದುಕೊಂಡರು. "ನೋವೈತೇನು ಈಗ? ಮಲಗಿದಾಗ ಎಳೀತೈತೇನು?" ಎಂದು ಒಂದೊಂದೇ ಕೇಳಿದರು. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕದ್ದು, ಆಸ್ಪತ್ರೆಯಲ್ಲಿ ಭಾಷೆ ಬಾರದೆ ಒಬ್ಬಳೇ ಮಲಗಿದ್ದದ್ದು, ಊರಿಗೆ, ತಾಯಿಗೆ ಇನ್ನೂ ಹೇಳದಿರುವುದು. ತವೆಯ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದಿತು. ನಾನು ಅದನ್ನು ತೆಗೆಯಲಿಲ್ಲ.

ಅಜ್ಜಿ ಹೋದ ಮೇಲೆ ಹೊರಗೆ ಬಂದೆ. ದುಃಖವಾಗಿತ್ತು, ಅದರ ಮೇಲೆ ಸಿಟ್ಟೂ ಬಂದಿತ್ತು, ಸುಳ್ಳೇಕೆ ಹೇಳಲಿ. "ಗುರುತು ಪರಿಚಯ ಇಲ್ಲದವರಿಗೆ ಹೇಳ್ದೆ. ಇಷ್ಟು ದಿನ ನನಗೆ ಯಾಕೆ ಹೇಳ್ಲಿಲ್ಲ?" ಎಂದೆ.

ಅವಳು ತಲೆ ಎತ್ತಿ ನೋಡಿದಳು. ಬಹಳ ದಿನದ ಮೇಲೆ ನೇರವಾಗಿ ನನ್ನ ಮುಖ ನೋಡಿದ್ದು ಅದೇ.

"ನೀವು ಕೇಳಲಿಲ್ಲಲ್ರಿ ಅಕ್ಕಾರ. ದಾರ್ಯಾಗ ಹೋಗೂ ನಾಯಿ ಕುಂಟಿದ್ರೂ ಏನಾತು ಅಂತ ಕೇಳೂ ಮಂದಿ ನೀವು. ನಂಗ ಒಮ್ಮೆರ ಕೇಳಲಿಲ್ಲ. ಮನಿಗೆ ಬಂದಾಗೂ ನನ್ನ ಕಡೆ ನೋಡಲಿಲ್ಲ. ಇಂಥಾ ಜಡ್ಡು ಅಂದ್ರ ನಿಮಗ ಹೇಸಿಗಿ ಬರತೈತೇನೋ ಅಂತ ದೂರ ಕುಂತೆ."

"ಕಾನೂನು ಕಣೇ" ಎಂದೆ. "ಮಾಲೀಕರು ಕೇಳಬಾರದಂತೆ. ಕೇಳಿದ್ರೆ ನಿನಗೆ ತೊಂದರೆ ಆಗುತ್ತೆ ಅಂದ್ರು."

ಅವಳಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಬಿಡಿಸಿ ಹೇಳಿದೆ. "ಹಿಂಗೂ ಕಾನೂನು ಇರತೈತೇನ್ರಿ?" ಎಂದವಳೇ ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನಾನು ಅಂಗಡಿಯ ಬಾಗಿಲು ಎಳೆದು ಚಿಲಕ ಹಾಕಿ, ಅವಳ ಪಕ್ಕಕ್ಕೆ ಸ್ಟೂಲು ಜಗ್ಗಿಕೊಂಡು ಕೂತೆ. ಹೊರಗೆ ಇಬ್ಬರು ಗಿರಾಕಿಗಳು ಗಾಜಿಗೆ ಮುಖವಿಟ್ಟು ನೋಡಿ ಹೋದರು.

"ಏನಾಯ್ತೇ ನಿಂಗೆ?" ಎಂದು ಕೇಳಿದೆ.

ಆಗಷ್ಟೇ ಅಜ್ಜಿಗೆ ಹೇಳಿದ್ದನ್ನೆಲ್ಲ ಅವಳು ಮತ್ತೆ ಮೊದಲಿನಿಂದ ನನಗೆ ಹೇಳಿದಳು.